ಕಿವಿಯ ಖರ್ಚು

ಸಂಗೀತವನ್ನು ಕಲಿಯುವವರಿಗೆ ಕಂಠಕ್ಕಿಂತ ಮೊದಲು ಕಿವಿ ಪಳಗಬೇಕೆಂದು ಬಲ್ಲವರು ಹೇಳುವುದುಂಟು. ಕಂಠದ ಪಾಲಿಗೆ ಗುರುವಿದ್ದಾರೆ, ತಂಬೂರಿಯಿದೆ, ಬೆಳಗಿನ ಜಾವವಿದೆ. ಕಿವಿಯ ಪಾಲಿಗೆ ಹಿಂದೆ ಊರೂರು ಅಲೆದು ಬೈಠಕ್ಕುಗಳಲ್ಲಿ ಕುಳಿತುಕೊಳ್ಳುವುದರ ಹೊರತು ಬೇರೆ ದಾರಿ ಹೆಚ್ಚಿರಲಿಲ್ಲ. ಈಗಿನ ವಿದ್ಯಾರ್ಥಿಗೆ ಆ ಅಲೆದಾಟ ಬಹಳಮಟ್ಟಿಗೆ ತಪ್ಪಿದೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಪರೂಪದ ರಾಗಗಳೂ ಮೊಬೈಲಿನಲ್ಲಿ ದೊರೆಯುತ್ತವೆ. ದೊರೆತದ್ದೆಲ್ಲವೂ ಕೇಳಿಸುತ್ತದೆಯೆಂದು ಮಾತ್ರ ತಿಳಿಯಬಾರದು.

ಧಾರವಾಡದಲ್ಲಿ ಗಾಯನ ಕಲಿಯುತ್ತಿರುವ ಒಬ್ಬ ವಿದ್ಯಾರ್ಥಿನಿಯ ಸಂಗತಿಯಿದು. ಅವಳಿರುವುದು ಹಾಸ್ಟೆಲಿನಲ್ಲಿ; ಒಂದು ಕೋಣೆಗೆ ನಾಲ್ವರು. ಒಬ್ಬಾಕೆ ಪಾಠವನ್ನು ಗಟ್ಟಿಯಾಗಿ ಉರುಹೊಡೆಯುವವಳು, ಇನ್ನೊಬ್ಬಾಕೆ ತಾಯಿಯೊಡನೆ ತಾಸುಗಟ್ಟಲೆ ಮಾತನಾಡುವವಳು; ಇವರಿಬ್ಬರಿಗೂ ಶ್ರುತಿ ಹಿಡಿದಂತೆ ತಲೆಯ ಮೇಲೊಂದು ಫ್ಯಾನು. ಗುರುಗಳ ಅಪ್ಪಣೆ ಪಡೆದು ಮುದ್ರಿಸಿಕೊಂಡ ಪಾಠಗಳನ್ನು ಅವಳು ಇದರ ನಡುವೆಯೇ ರಾತ್ರಿ ಮತ್ತೆ ಕೇಳಬೇಕು. ಅವಳ ಷಡ್ಜ ಪೇಟಿಯ ಬಿಳಿ ಆರು; ಎಂದರೆ ಸೆಕೆಂಡಿಗೆ 220 ಕಂಪನಗಳು. ತಂಬೂರಿಯ ಖರ್ಜದ ತಂತಿ ಅದರ ಅರ್ಧ, 110. ಮೊಬೈಲಿನ ಒಡಲಲ್ಲಿ ಅಡಗಿರುವ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ನಾದವನ್ನು ಎತ್ತುವ ಶಕ್ತಿಯಿಲ್ಲ. ಜವಾರಿಯ ಝೇಂಕಾರವೇನೋ ಕೇಳಿಸೀತು. ಅದು ನಿಂತ ನೆಲಗಟ್ಟು ಕೇಳಿಸದು. ಆದುದರಿಂದ ಅವಳಿಗೊಂದು ಒಳ್ಳೆಯ ಹೆಡ್‌ಫೋನು ಬೇಕಾಯಿತು. ಸಣ್ಣ ಮಕ್ಕಳಿಗೆ ಪಾಠ ಹೇಳಿ ವರ್ಷವಿಡೀ ಉಳಿಸಿದ ಹಣ 3,000 ರೂಪಾಯಿ. ಅದು ಪೋಲಾದರೆ ಇನ್ನೊಂದು ವರ್ಷ ಕಾಯಬೇಕು.

ಅಂಗಡಿಯವನು ಮೊದಲು ತೆಗೆದು ತೋರಿಸಿದ್ದು ಕಿವಿಯೆರಡನ್ನೂ ಮುಚ್ಚುವ, ಕೆಂಪು ದೀಪದ ಒಂದು ಭಾರಿ ಸರಕು.

"ಇದರಾಗ ಬಾಸ್ ಭಾಳ ಛಲೋ ಐತಿ ನೋಡು ತಂಗಿ, ಎದಿ ನಡಗತೈತಿ."

"ನನಗ ತಂಬೂರಿ ಕೇಳಬೇಕ್ರಿ ಅಣ್ಣಾರ, ಎದಿ ನಡಗೋದು ಬ್ಯಾಡ್ರಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಬಗೆಯ ಸರಕಿನಲ್ಲಿ ತಗ್ಗಿನ ನಾದ ಉಬ್ಬಿ ಬಂದು, ನಡುವೆ ನಿಂತು ಹಾಡುವ ಮನುಷ್ಯಕಂಠದ ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ. ಖಯಾಲು ಕೇಳುವವರಿಗೆ ಕಂಠವೇ ಮರೆಯಾದ ಮೇಲೆ ಉಳಿದದ್ದರಿಂದ ಏನು ಪ್ರಯೋಜನ?

ಈ ವಸ್ತುವಿನ ಪೂರ್ವಚರಿತ್ರೆ ಸ್ವಾರಸ್ಯವಾದದ್ದು. ಅಮೇರಿಕೆಯ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್ ಎಂಬಾತನು ಅಡುಗೆಮನೆಯ ಮೇಜಿನ ಮೇಲೆ ಕೈಯಾರೆ ಕಟ್ಟಿದ ಹೆಡ್‌ಫೋನುಗಳನ್ನು 1910ರಲ್ಲಿ ಆ ದೇಶದ ನೌಕಾಪಡೆ ಕೊಂಡಿತು. ಅವು ತಂತಿಯಿಲ್ಲದ ವರ್ತಮಾನ ಕೇಳುವುದಕ್ಕೆ, ಸಂಗೀತಕ್ಕಲ್ಲ. ಎಡಬಲ ಕಿವಿಗಳಿಗೆ ಬೇರೆಬೇರೆ ದನಿಯನ್ನು ಕೊಟ್ಟು ಸಂಗೀತಕ್ಕೆಂದೇ ಮಾಡಿದ ಹೆಡ್‌ಫೋನನ್ನು 1958ರಲ್ಲಿ ಜಾನ್ ಕಾಸ್ ಎಂಬಾತನು ಹೊರತಂದನು. ಹತ್ತು ವರ್ಷಗಳ ತರುವಾಯ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಕಂಪನಿಯವರು ಬೆನ್ನು ತೆರೆದಿರುವ ಬಗೆಯನ್ನು ಮಾರಾಟಕ್ಕೆ ತಂದರು. ತೆರೆದ ಬೆನ್ನಿನದರಲ್ಲಿ ನಾದ ತಲೆಯೊಳಗೆ ಇಕ್ಕಟ್ಟಾಗದೆ ಹೊರಗೆ ಹರಡಿಕೊಂಡಂತೆ ಕೇಳಿಸುತ್ತದೆ. ತಂಬೂರಿಗೆ ಅದಕ್ಕಿಂತ ಒಪ್ಪುವುದು ಬೇರೊಂದಿಲ್ಲ. ಆದರೆ ಹೊರಗಿನದೆಲ್ಲವೂ ಒಳಗೆ ಬರುತ್ತದೆ, ಒಳಗಿನದೆಲ್ಲವೂ ಹೊರಗೆ ಹೋಗುತ್ತದೆ. ನಾಲ್ವರ ಕೋಣೆಯಲ್ಲಿ ಅಂಥದು ಜಗಳದ ಬೀಜ. ಸ್ವಂತ ಮನೆಯೂ ಪ್ರತ್ಯೇಕ ಕೋಣೆಯೂ ಉಳ್ಳವರಿಗೆ ಅದನ್ನು ಬಿಟ್ಟುಕೊಡುವುದೇ ಲೇಸು.

ಕಡೆಗೆ ಅವಳು ಆರಿಸಿದ್ದು ಕಿವಿಯ ಒಳಗೆ ಕೂರುವ ತಂತಿಯ ಇಯರ್‌ಫೋನು. ಬೆಲೆ ಎರಡು ಸಾವಿರದೊಳಗೆ. ತಂತಿಯಿಲ್ಲದ್ದು ಅಂದವಾಗಿ ಕಾಣುತ್ತದೆ, ನಿಜ. ಆದರೆ ಅದೇ ಬೆಲೆಯಲ್ಲಿ ಬ್ಯಾಟರಿಗೂ ಬ್ಲೂಟೂತಿಗೂ ಪಾಲು ಹೋದ ಮೇಲೆ ನಾದಕ್ಕೆ ಉಳಿಯುವ ಪಾಲು ಕಡಿಮೆ. ಕೆಲವು ವರ್ಷಗಳಲ್ಲಿ ಬ್ಯಾಟರಿ ಸೋತಿತೆಂದರೆ ವಸ್ತುವೇ ಸೋತಂತೆ. ತಂತಿಯದು ಹೆಚ್ಚಾಗಿ ಕೆಡುವುದು ತಂತಿಯಲ್ಲಿಯೇ. ತಂತಿಯನ್ನು ಬಿಡಿಸಿ ಬೇರೊಂದನ್ನು ಸಿಕ್ಕಿಸಲು ಬರುವಂಥದನ್ನು ಕೊಂಡರೆ ಆ ಚಿಂತೆಯೂ ಅಷ್ಟಕ್ಕಷ್ಟೆ.

ಇಲ್ಲಿ ಬಹುಮಂದಿ ಲಕ್ಷ್ಯ ಕೊಡದ ಸಂಗತಿಯೊಂದಿದೆ: ಇಯರ್‌ಫೋನಿನ ತುದಿಗೆ ತೊಡಿಸುವ ರಬ್ಬರಿನ ಟೊಪ್ಪಿಗೆ. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಗಳಿರುತ್ತವೆ. ಅನೇಕರು ಮೊದಲೇ ತೊಡಿಸಿದ್ದನ್ನು ಬದಲಿಸುವುದೇ ಇಲ್ಲ. ಕಿವಿಯ ಬಾಯಿಗೂ ಟೊಪ್ಪಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ತಗ್ಗಿನ ನಾದವೆಲ್ಲ ಅದರಿಂದ ಸೋರಿಹೋಗುತ್ತದೆ. ಆಗ ಖರ್ಜವಿಲ್ಲ, ಸಾರಂಗಿಯ ಒಡಲಿಲ್ಲ, ಬರಿಯ ಚೀರಾಟ. ಬಯ್ಗಳು ಮಾತ್ರ ಇಯರ್‌ಫೋನು ಮಾಡಿದವನಿಗೆ. ಎರಡು ಕಿವಿಗಳ ಅಳತೆ ಒಂದೇ ಆಗಿರಬೇಕೆಂಬ ನಿಯಮವೂ ಇಲ್ಲ. ಈ ಹುಡುಗಿಗೆ ಎಡಕ್ಕೆ ನಡುವಿನ ಅಳತೆ, ಬಲಕ್ಕೆ ದೊಡ್ಡದು ಹೊಂದಿತು. ಹೊಂದಿದೊಡನೆ ಫ್ಯಾನಿನ ಸದ್ದು ದೂರವಾಯಿತು, ತಂಬೂರಿ ಹತ್ತಿರವಾಯಿತು. ಕಾಸು ಕೊಡದೆ ಬಂದ ಇಂಥ ಲಾಭ ಈ ವ್ಯಾಪಾರದಲ್ಲಿ ಬೇರೊಂದಿಲ್ಲ.

ಅವಳ ಮೊಬೈಲಿನಲ್ಲಿ ತಂತಿ ಸಿಕ್ಕಿಸುವ ರಂಧ್ರವಿರಲಿಲ್ಲ. ಅದಕ್ಕೊಂದು ಗೇಣುದ್ದದ ಅಡಾಪ್ಟರು ಬೇಕಾಯಿತು. ಅಡಾಪ್ಟರುಗಳಲ್ಲಿ ಎರಡು ಜಾತಿ: ಅಂಕೆಗಳನ್ನು ನಾದವಾಗಿ ಮಾರ್ಪಡಿಸುವ ಚಿಪ್ಪು ತನ್ನೊಳಗೇ ಇರುವುದು ಒಂದು, ಬರಿಯ ತಂತಿಯಾಗಿದ್ದು ಆ ಕೆಲಸವನ್ನು ಮೊಬೈಲಿಗೇ ಬಿಡುವುದು ಇನ್ನೊಂದು. ಎರಡನೆಯದು ಎಷ್ಟೋ ಮೊಬೈಲುಗಳಲ್ಲಿ ಮೂಕವಾಗಿಬಿಡುತ್ತದೆ. ಕೇಳಿ ವಿಚಾರಿಸಿ ಮೊದಲನೆಯದನ್ನೇ ಕೊಳ್ಳಬೇಕು.

ಇಷ್ಟಾದ ಮೇಲೆ ಸ್ನೇಹಿತೆಯೊಬ್ಬಳು, ಪ್ರತ್ಯೇಕವಾದ ಆಂಪ್ಲಿಫೈಯರು ಇಲ್ಲದೆ ಇದೆಲ್ಲ ವ್ಯರ್ಥವೆಂದಳು. 300 ಓಮ್ ತಡೆಯುಳ್ಳ ದೊಡ್ಡ ಹೆಡ್‌ಫೋನುಗಳಿಗೆ ಆ ಮಾತು ಸಲ್ಲಬಹುದು. ಇವಳದು 32 ಓಮಿನದು. ಒಂದು ಮಿಲಿವಾಟಿಗೆ 105 ಡೆಸಿಬೆಲ್ ದನಿ ಕೊಡುವುದೆಂದು ಡಬ್ಬಿಯ ಮೇಲೆಯೇ ಅಚ್ಚಾಗಿತ್ತು. ಹತ್ತು ಡೆಸಿಬೆಲ್ ಇಳಿದಾಗಲೆಲ್ಲ ಬೇಕಾಗುವ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಿತವಾದ 75 ಡೆಸಿಬೆಲ್ಲಿನಲ್ಲಿ ಕೇಳುವುದಕ್ಕೆ ಮಿಲಿವಾಟಿನ ಸಾವಿರದಲ್ಲೊಂದು ಪಾಲು ಸಾಕು. ಇಷ್ಟಕ್ಕೆ ಆಂಪ್ಲಿಫೈಯರು ಕೊಳ್ಳುವುದು ಊದಿನಕಡ್ಡಿ ಹಚ್ಚಲು ಪಂಜು ತಂದಂತೆ.

ಹಳೆಯ ಮುದ್ರಿಕೆಗಳ ವಿಷಯದಲ್ಲಂತೂ ಹಣ ಸುರಿದು ಫಲವಿಲ್ಲ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಹಾಡಿದ ಮೂರು ಮಿನಿಟಿನ ತಟ್ಟೆಗಳಲ್ಲಿ ಮೇಲಿನ ಕಂಪನಗಳು ಹಿಡಿದಿರುವುದೇ ಕಡಿಮೆ. ಮೇಲುಸ್ತರವನ್ನು ಎತ್ತಿ ತೋರಿಸುವ ದುಬಾರಿ ಹೆಡ್‌ಫೋನು ಅಲ್ಲಿ ಎತ್ತಿ ತೋರಿಸುವುದು ಮುಳ್ಳಿನ ಕೆರೆತವನ್ನೇ.

ಹೊರಗಿನ ಗದ್ದಲ ತಗ್ಗಿದ್ದರಿಂದ ಅವಳು ದನಿಯನ್ನೂ ತಗ್ಗಿಸಿ ಕೇಳುವಂತಾಯಿತು. ಇದು ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ವಯಸ್ಕರಿಗೆ ಹಾಕಿರುವ ಮಿತಿ 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ತಾಸು. 90ಕ್ಕೆ ಏರಿದರೆ ನಾಲ್ಕೇ ತಾಸು. ಕಿವಿಯೇ ಬಂಡವಾಳವಾದವರು ಗದ್ದಲವನ್ನು ಗೆಲ್ಲಲೆಂದು ದನಿಯನ್ನು ಏರಿಸುತ್ತ ಹೋದರೆ ಬಂಡವಾಳವನ್ನೇ ತಿಂದುಕೊಂಡಂತೆ.

ಮೊದಲ ರಾತ್ರಿ ಅವಳು ಕೇಳಿದ್ದು ಆರು ತಿಂಗಳ ಹಿಂದಿನ ಒಂದು ಪಾಠವನ್ನು. ಹತ್ತಾರು ಸಲ ಕೇಳಿದ್ದೇ. ಬಡಾ ಖಯಾಲಿನ ಎರಡನೆಯ ಆವರ್ತನದಲ್ಲಿ, ಅವಳ ದನಿಯ ಅಡಿಯಲ್ಲಿ, ತಬಲದ ಮರೆಯಲ್ಲಿ, ಗುರುಗಳು ಮೆಲ್ಲಗೆ ನುಡಿದಿದ್ದರು: "ಅಲ್ಲಿ ಉಸಿರು ಮುರೀಬ್ಯಾಡವಾ." ಆ ಆರು ತಿಂಗಳೂ ಅವಳು ಅಲ್ಲಿಯೇ ಮುರಿಯುತ್ತಿದ್ದಳು. ಹಿಂದಕ್ಕೆ ಸರಿಸಿ ಇನ್ನೆರಡು ಸಲ ಕೇಳಿದಳು. ಆಮೇಲೆ ನಿಲ್ಲಿಸಿ, ಉಳಿದವರು ಮಲಗಿದ್ದರಿಂದ ದನಿಯೆತ್ತದೆ, ಆ ಸಾಲನ್ನು ಉಸಿರಿನಲ್ಲಿಯೇ ಅಳೆದು ನೋಡತೊಡಗಿದಳು.