ಹಸುಳೆಯ ಉಸಿರು

ಮಾತು ಬಾರದ ಕೂಸಿನ ಬೇನೆಯನ್ನು ಅದರ ಚರ್ಯೆಯಿಂದಲೇ ಅರಿಯಬೇಕೆಂದು ಕಾಶ್ಯಪಸಂಹಿತೆಯ ವೇದನಾಧ್ಯಾಯವು ತಿಳಿಸುತ್ತದೆ. ಕಬ್ಬು ಕಡಿಯುವ ಚಳಿಗಾಲದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಲ್ಲಿ ಈ ಮಾತನ್ನು ನೆನೆಯುವುದು ಉಚಿತವು.

ಹುಕ್ಕೇರಿಯ ಕಡೆಯ ಒಂದು ಮನೆಯಲ್ಲಿ ಅಣ್ಣನು ಶಾಲೆಯಿಂದ ತಂದ ನೆಗಡಿಯು ಐದು ತಿಂಗಳ ತಂಗಿಗೆ ತಗಲಿತು. ಎರಡು ದಿನಗಳಲ್ಲಿ ಕೆಮ್ಮು ಎದೆಗಿಳಿಯಿತು. ಅಜ್ಜಿಯು ಎಂದಿನಂತೆ ಕೂಸಿಗೆ ನೀರೆರೆದು, ಲೋಬಾನದ ಹೊಗೆ ಹಾಕಲು ಕೆಂಡ ತಂದಳು. ಸೊಸೆಯು ಮೆಲ್ಲನೆ, “ಅತ್ತೀ, ಹೊಗಿ ಬ್ಯಾಡ್ರಿ, ಮೊದಲ ಉಸರ ಎಣಸೂಣ್ರಿ” ಎಂದಳು. ಕೂಸು ಶಾಂತವಾಗಿದ್ದಾಗ ಗಡಿಯಾರ ಮುಂದಿಟ್ಟು ಪೂರ್ಣ ಒಂದು ನಿಮಿಷ ಎಣಿಸಿದರು: 62. ಪ್ರತಿ ಉಸಿರಿಗೂ ಪಕ್ಕೆಗಳ ಕೆಳಭಾಗವು ಒಳಸೇದುತ್ತಿದ್ದಿತು; ಮೊಲೆಹಾಲೂ ಬೇಡವಾಗಿದ್ದಿತು. ಅಜ್ಜಿಯೇ ಕೆಂಡವನ್ನು ಹೊರಗೆ ಚೆಲ್ಲಿ, ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಅಲ್ಲಿ ಪ್ರಾಣವಾಯುವನ್ನಿತ್ತರು, ಐದನೆಯ ದಿನ ಕೂಸು ಮನೆಗೆ ಮರಳಿತು.

ಇಂಥ ಬೇನೆಗೆ ಬಹುಮಟ್ಟಿಗೆ ಕಾರಣವಾಗುವ ಆರ್.ಎಸ್.ವಿ. ಎಂಬ ವೈರಾಣುವು 1956ರಲ್ಲಿ ಮೊದಲು ಪತ್ತೆಯಾಯಿತು. ಅದು ಎಳೆಯ ಶ್ವಾಸನಾಳದ ಕಿರುಕವಲುಗಳನ್ನು ಬಾಯಿಸಿ, ಕಫದಿಂದ ಮುಚ್ಚುತ್ತದೆ. ಆಂಟಿಬಯಾಟಿಕ್ ಔಷಧಗಳು ವೈರಾಣುವಿಗೆ ನಾಟವು. ವರುಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದೂ ಅಪಾಯವು. ಹೊಗೆಯಂತೂ ಬೇನೆಯನ್ನು ಬೆಳೆಸುತ್ತದೆ. ಮೊಲೆಹಾಲು, ಕೈತೊಳೆಯುವಿಕೆ, ನೆಗಡಿಯಾದವರು ತೊಟ್ಟಿಲಿನಿಂದ ದೂರವಿರುವುದು, ಇವೇ ಮನೆಯಲ್ಲಿ ಆಗುವ ರಕ್ಷೆಗಳು.

ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ನಿಮಿಷಕ್ಕೆ ಎರಡು ತಿಂಗಳೊಳಗೆ 60, ವರುಷದೊಳಗೆ 50, ಐದು ವರುಷದೊಳಗೆ 40 ಉಸಿರು ಮುಟ್ಟಿದರೆ ಅದು ಶೀಘ್ರಶ್ವಾಸವು. ಬೆಳಗಾಗುವವರೆಗೆ ಕಾಯದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಆ ಮನೆಯಲ್ಲಿ ಈಗ ಕೂಸು ಕೆಮ್ಮಿದರೆ ಮೊದಲು ಗಡಿಯಾರ ತರುವವಳು ಅಜ್ಜಿಯೇ.