ವಿನೋದ ಉದ್ಯಾನದ ಜನಸಂದಣಿಯೂ ಮೊಬೈಲಿನ ಮೌನವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿ ನಮ್ಮ ನಾಡಿನ ಪ್ರವಾಸಿಗರಿಗೆ ಹೊಸದಲ್ಲ. ಕೆಂಗೇರಿ, ಕುಂಬಳಗೋಡು ದಾಟಿ, ಬಿಡದಿಯಲ್ಲಿ ತಟ್ಟೆ ಇಡ್ಲಿಗೆಂದು ನಿಂತು, ರಾಮನಗರದ ಬಂಡೆಬೆಟ್ಟಗಳನ್ನು ಕಣ್ತುಂಬ ನೋಡಿ ಮುಂದೆ ಸಾಗುವುದು ಹಿಂದಿನಿಂದ ಬಂದ ರೂಢಿ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಿಂದ ಆ ಬೆಟ್ಟಗಳು ದೇಶಕ್ಕೆಲ್ಲ ಪರಿಚಿತವಾದವು. 1994ರಲ್ಲಿ ಎಚ್.ಎಲ್. ನಾಗೇಗೌಡರ ಶ್ರಮದಿಂದ ರೂಪುಗೊಂಡ ಜಾನಪದ ಲೋಕವೂ ಇದೇ ದಾರಿಯಲ್ಲಿದೆ. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿಯು ಈ ಊರುಗಳನ್ನೆಲ್ಲ ಬದಿಗಿಟ್ಟು ನೇರವಾಗಿ ಸಾಗುತ್ತದೆಯಾದರೂ, ರಜೆಯ ದಿನಗಳಲ್ಲಿ ಬಿಡದಿಯ ಕಡೆಗೆ ಹೊರಳುವ ವಾಹನಗಳ ಸಾಲು ಕಡಮೆಯಾಗಿಲ್ಲ. ಅದಕ್ಕೆ ಮುಖ್ಯ ಕಾರಣ ಅಲ್ಲಿರುವ ವಿನೋದ ಉದ್ಯಾನ.

‘ವಂಡರ್‌ಲಾ’ ಎಂಬ ಈ ಉದ್ಯಾನವು ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿ, 82 ಎಕರೆ ವಿಸ್ತಾರದಲ್ಲಿ 2005ರಲ್ಲಿ ಆರಂಭವಾಯಿತು. ವಿ-ಗಾರ್ಡ್ ಉದ್ಯಮದ ಸ್ಥಾಪಕರಾದ ಕೊಚೌಸೆಫ್ ಚಿಟ್ಟಿಲಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ‘ವೀಗಾಲ್ಯಾಂಡ್’ ಎಂಬ ಹೆಸರಿನಲ್ಲಿ ಇಂಥದೊಂದು ಉದ್ಯಾನವನ್ನು ತೆರೆದಿದ್ದರು. ಬಿಡದಿಯದು ಅದರ ಮುಂದಿನ ಹೆಜ್ಜೆ. ಬಳಿಕ 2016ರಲ್ಲಿ ಹೈದರಾಬಾದಿನಲ್ಲಿಯೂ 2024ರಲ್ಲಿ ಭುವನೇಶ್ವರದಲ್ಲಿಯೂ ಇದೇ ಬಗೆಯ ಉದ್ಯಾನಗಳು ತಲೆಯೆತ್ತಿದವು.

ಈ ಸಲದ ಬೇಸಿಗೆ ರಜೆಯಲ್ಲಿ ನಾವು ಹಿರಿಯರು ಕಿರಿಯರು ಸೇರಿ ಹನ್ನೊಂದು ಮಂದಿ ಅಲ್ಲಿಗೆ ಹೋಗಿದ್ದೆವು. ಒಳಹೊಕ್ಕೊಡನೆ ನಮಗೆ ನೆನಪಾದದ್ದು ನಮ್ಮ ಕಡೆಯ ಜಾತ್ರೆಗಳು. ತಲೆಕೆಳಗಾಗಿ ಸುತ್ತುವ ಬಂಡಿಗಳು, ಎತ್ತರದ ಕಟ್ಟಡದ ನೆತ್ತಿಯ ಮೇಲೆ ತಿರುಗುವ ದೈತ್ಯ ತೊಟ್ಟಿಲು, ಕಡಲಿನಂತೆ ಅಲೆಯೇಳುವ ಕೊಳ, ಕೃತಕ ಮಳೆಯಲ್ಲಿ ಕುಣಿಯುವ ಯುವಕರು. ಒಂದೆಡೆ ನೆಲದ ಆಟಗಳು, ಇನ್ನೊಂದೆಡೆ ನೀರಿನ ಆಟಗಳು. ನೀರಿಗೆ ಇಳಿಯುವವರು ಬಟ್ಟೆಬರೆ, ಹಣ, ಮೊಬೈಲುಗಳನ್ನು ಬೀಗದ ಕಪಾಟುಗಳಲ್ಲಿಟ್ಟು ಹೋಗುತ್ತಾರೆ. ಬೆಳಿಗ್ಗೆ ಒಟ್ಟಾಗಿ ಬಂದ ಕುಟುಂಬವೊಂದು ಅರ್ಧ ಗಂಟೆಯೊಳಗೆ ಮೂರು ನಾಲ್ಕು ಪಾಲಾಗುತ್ತದೆ. ಹುಡುಗರು ಎತ್ತರದ ಬಂಡಿಗೆ, ಚಿಕ್ಕ ಮಕ್ಕಳೊಡನೆ ತಾಯಂದಿರು ನೀರಿಗೆ, ಹಿರಿಯರು ನೆರಳಿರುವ ಕಡೆಗೆ. ಅಗಲುವಾಗ ಎಲ್ಲರ ಬಾಯಲ್ಲಿ ಬರುವ ಮಾತು ಒಂದೇ: “ಫೋನ್ ಮಾಡ್ತೀನಿ.”

ನಾವು ಇಲ್ಲಿ ವಿಚಾರ ಮಾಡಬೇಕೆಂದಿರುವುದು ಆ ಒಂದು ಮಾತನ್ನು ಕುರಿತು.

1995ರ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರೊಡನೆ ಮಾತನಾಡಿದಾಗ ನಮ್ಮ ದೇಶದಲ್ಲಿ ಸಂಚಾರಿ ದೂರವಾಣಿಯ ಯುಗ ಮೊದಲಾಯಿತು. ಆಗ ಒಳಬರುವ ಕರೆಗೂ ಹಣ ತೆರಬೇಕಾಗಿತ್ತು. ಈಗ ಹೊಲದ ಬದುವಿನಲ್ಲಿ ನಿಂತವರ ಕೈಯಲ್ಲೂ ಆ ಯಂತ್ರವಿದೆ. ಈ ಸೌಲಭ್ಯವು ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅಗಲುವ ಮುನ್ನ ‘ಎಲ್ಲಿ, ಎಷ್ಟು ಹೊತ್ತಿಗೆ’ ಎಂದು ಕೇಳುವ ಹಳೆಯ ಪದ್ಧತಿಯೇ ಮರೆಯಾಗುತ್ತಿದೆ. ಆದರೆ ಈ ಯಂತ್ರವು ಸುಲಭವಾಗಿ ಕೈಕೊಡುವ ಸ್ಥಳಗಳಲ್ಲಿ ಸಾವಿರಾರು ಜನ ಒತ್ತಾಗಿ ನೆರೆದ ಉದ್ಯಾನಗಳೂ ಜಾತ್ರೆಗಳೂ ಮುಖ್ಯವಾದವು.

ಎರಡು ವರ್ಷಗಳ ಹಿಂದೆ ಬೇರೊಂದು ಊರಿನ ಇಂಥದೇ ಉದ್ಯಾನದಲ್ಲಿ ನಾವು ಕಂಡ ಸಂಗತಿಯನ್ನು ಹೇಳಬೇಕು. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಭಾನುವಾರದ ಮಧ್ಯಾಹ್ನ, ಮರದಡಿಯ ಕಲ್ಲುಬೆಂಚಿನ ಮೇಲೆ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಕುಳಿತಿದ್ದರು. ಹಾವೇರಿ ಕಡೆಯವರು. ಸಕ್ಕರೆ ಕಾಯಿಲೆ ಇದ್ದವರು. ಊಟದ ಬುತ್ತಿ, ಗುಳಿಗೆ ಎರಡೂ ಮಗನ ಚೀಲದಲ್ಲಿ ಉಳಿದುಹೋಗಿದ್ದವು. ಹೊತ್ತು ಎರಡು ಗಂಟೆಯಾಗುತ್ತ ಬಂದಿತ್ತು. ಅವರ ಕೈ ನಡುಗುತ್ತಿತ್ತು. ಮೊಬೈಲನ್ನು ನಮ್ಮತ್ತ ಚಾಚಿ, “ನೋಡ್ರಿಯಪ್ಪಾ, ಇದರಾಗ ನಾಕೂ ಕಡ್ಡಿ ತೋರ್ಸಾಕತ್ತೈತಿ. ಮತ್ತ ನನ್ನ ಮಗನ ದನಿ ಯಾಕ ಬರವಲ್ದು?” ಎಂದರು. ನಾವೂ ನಮ್ಮ ಮೊಬೈಲಿನಿಂದ ಪ್ರಯತ್ನಿಸಿದೆವು, ಕರೆ ಹೋಗಲಿಲ್ಲ. ನಮ್ಮ ಬಳಿಯಿದ್ದ ಬಾಳೆಹಣ್ಣು, ಬಿಸ್ಕತ್ತು ಕೊಟ್ಟು, “ಬಾಗಿಲ ಹತ್ತಿರ ಕರೆದೊಯ್ಯೋಣವೇ?” ಎಂದು ಕೇಳಿದಾಗ ಅವರು ತಲೆಯಲ್ಲಾಡಿಸಿದರು: “ಬ್ಯಾಡ್ರಿ. ನಾ ಇಲ್ಲಿಂದ ಏಳಂಗಿಲ್ಲ. ಜಾತ್ರ್ಯಾಗ ಕೈ ಬಿಟ್ಟರ ನಿಂತಲ್ಲೇ ನಿಂದ್ರು, ಹುಡುಕಾವ್ರು ಬಂದ ಬರ್ತಾರ ಅಂತ ನಮ್ಮವ್ವ ಹೇಳಿದ್ಲು.”

ಅರ್ಧ ಗಂಟೆಯ ಮೇಲೆ ಮಗ ಬೆವರಿಳಿಸುತ್ತ ಓಡಿಬಂದರು. ಅಷ್ಟು ಹೊತ್ತೂ ಅವರು ಮೊಬೈಲಿನಲ್ಲಿ ಮತ್ತೆ ಮತ್ತೆ ಕರೆ ಮಾಡುತ್ತ ಉದ್ಯಾನವನ್ನೆಲ್ಲ ಸುತ್ತಿದ್ದರಂತೆ. ಕೊನೆಗೆ, ಬೆಳಿಗ್ಗೆ ತಾಯಿಯನ್ನು ಬಿಟ್ಟುಹೋದ ಜಾಗ ನೆನಪಾಗಿ ಅಲ್ಲಿಗೆ ಬಂದಿದ್ದರು. ತಾಯಿ ಅಲ್ಲಿಂದ ಕದಲದೆ ಇದ್ದುದರಿಂದಲೇ ಅವರಿಬ್ಬರೂ ಕೂಡಿದರು.

ಅಜ್ಜಿಯ ಪ್ರಶ್ನೆ ಸರಿಯಾದದ್ದು. ಕಡ್ಡಿಗಳು ಪೂರ್ತಿ ಇರುವಾಗ ಕರೆಯೇಕೆ ಹೋಗದು? ಪರದೆಯ ಮೇಲಿನ ಕಡ್ಡಿಗಳು ಗೋಪುರದ ಸಂಕೇತ ನಮ್ಮ ಯಂತ್ರಕ್ಕೆ ಎಷ್ಟು ಗಟ್ಟಿಯಾಗಿ ಕೇಳಿಸುತ್ತಿದೆ ಎಂಬುದನ್ನಷ್ಟೇ ತಿಳಿಸುತ್ತವೆ. ನಮ್ಮ ಮಾತನ್ನು ಕೇಳಲು ಆ ಗೋಪುರಕ್ಕೆ ಬಿಡುವಿದೆಯೇ ಎಂಬುದನ್ನು ಅವು ತಿಳಿಸುವುದಿಲ್ಲ. ಊರ ನೀರಿನ ತೊಟ್ಟಿಯು ಮನೆಯ ಎದುರಿಗೇ ಇದ್ದರೂ, ಎಲ್ಲರೂ ಏಕಕಾಲಕ್ಕೆ ನಲ್ಲಿ ತಿರುಗಿಸಿದರೆ ಹನಿ ಹನಿಯಾಗಿ ಬರುವುದನ್ನು ನಾವು ಬಲ್ಲೆವಷ್ಟೆ. ಇದೂ ಹಾಗೆಯೇ.

ಸಂಚಾರಿ ದೂರವಾಣಿಯ ವ್ಯವಸ್ಥೆಯಲ್ಲಿ ನೆಲವನ್ನು ಜೇನುಹುಟ್ಟಿನ ಕೋಣೆಗಳಂತೆ ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸುತ್ತಾರೆ. ‘ಸೆಲ್’ ಎಂಬ ಹೆಸರು ಬಂದದ್ದೇ ಇದರಿಂದ. ಒಂದು ಗೋಪುರವು ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖ ಮಾಡಿ ಮೂರು ಭಾಗಗಳನ್ನು ನೋಡಿಕೊಳ್ಳುತ್ತದೆ. ಪ್ರತಿ ಭಾಗಕ್ಕೂ ದೊರೆಯುವ ಅಲೆಗಳ ಪಾಲು ಮಿತವಾದದ್ದು. ಉದಾಹರಣೆಗೆ, 10 ಮೆಗಾಹರ್ಟ್ಸ್ ಅಗಲದ 4ಜಿ ವಾಹಕವೊಂದು ಸಾಮಾನ್ಯ ಜೋಡಣೆಯಲ್ಲಿ, ಎಲ್ಲವೂ ಅನುಕೂಲವಾಗಿದ್ದರೆ, ಸೆಕೆಂಡಿಗೆ ಸುಮಾರು 75 ಮೆಗಾಬಿಟ್ ಮಾಹಿತಿಯನ್ನು ಮೊಬೈಲುಗಳಿಗೆ ಇಳಿಸಬಲ್ಲದು. ಅದನ್ನು 750 ಮಂದಿ ಒಮ್ಮೆಗೇ ಹಂಚಿಕೊಂಡರೆ ತಲೆಗೆ ಬರುವುದು ಒಂದು ಮೆಗಾಬಿಟ್ಟಿನ ಹತ್ತನೆಯ ಒಂದು ಪಾಲು. 4 ಮೆಗಾಬೈಟ್ ತೂಕದ ಒಂದು ಭಾವಚಿತ್ರ ಇಳಿಯಲು ಆಗ ಐದು ನಿಮಿಷಕ್ಕೂ ಹೆಚ್ಚು ಬೇಕು. ನಾವು ಚಿತ್ರಗಳನ್ನು ಕಳುಹಿಸುವ ದಿಕ್ಕಿನ ದಾರಿಯಂತೂ ಇನ್ನೂ ಕಿರಿದು. ಮಾತಿನ ಕರೆಗಳಿಗೆ ಜಾಲವು ಮೊದಲ ಸ್ಥಾನ ಕೊಡುತ್ತದೆ, ನಿಜ. ಆದರೆ ಕರೆ ಆರಂಭವಾಗಬೇಕಾದರೆ ಮೊಬೈಲು ಮೊದಲು ಗೋಪುರದ ಗಮನ ಸೆಳೆಯಬೇಕು. ಸಾವಿರ ಯಂತ್ರಗಳು ಒಮ್ಮೆಗೇ ಕೂಗಿದರೆ ಒಂದರ ಕೂಗು ಇನ್ನೊಂದಕ್ಕೆ ಅಡ್ಡವಾಗಿ, ಸರದಿಯೇ ಸಿಗದೆ ಹೋಗುತ್ತದೆ.

ಇದಕ್ಕೆ ಬೇರೆ ಕಾರಣಗಳೂ ಕೂಡಿಕೊಳ್ಳುತ್ತವೆ. ಮನುಷ್ಯನ ಶರೀರದಲ್ಲಿ ನೀರಿನ ಅಂಶವೇ ಹೆಚ್ಚು. ನೀರು ರೇಡಿಯೋ ಅಲೆಗಳನ್ನು ಹೀರುತ್ತದೆ. ದಟ್ಟವಾದ ಜನರ ಗುಂಪು ಅಲೆಗಳಿಗೆ ಗೋಡೆಯಂತೆಯೇ ತಡೆಯಾಗುತ್ತದೆ. ಉಕ್ಕಿನ ಕಟ್ಟಡಗಳು, ಬಂಡೆಗುಡ್ಡಗಳು ಅಲೆಗಳ ಹಾದಿಯಲ್ಲಿ ನೆರಳು ಬೀಳಿಸುತ್ತವೆ. ಲೋಹದ ಕಪಾಟಿನಲ್ಲಿ ಬೀಗ ಹಾಕಿಟ್ಟ ಮೊಬೈಲಿಗೆ ಕರೆ ತಲುಪದಿರುವುದೂ ಉಂಟು. ಗೋಪುರವು ದೂರವಾದಷ್ಟೂ, ಅಡ್ಡಿಗಳು ಹೆಚ್ಚಿದಷ್ಟೂ ಮೊಬೈಲು ಗಟ್ಟಿಯಾಗಿ ಕೂಗಬೇಕಾಗುತ್ತದೆ. ಹೀಗಾಗಿ ಬೆಳಿಗ್ಗೆ ತುಂಬಿಸಿಟ್ಟ ಬ್ಯಾಟರಿ ಸಂಜೆಗೆ ಮುಂಚೆಯೇ ಬರಿದಾಗುತ್ತದೆ.

ಕಂಪನಿಗಳು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಜನ ಹೆಚ್ಚಾಗಿ ಸೇರುವ ಕಡೆ ದೀಪದ ಕಂಬಗಳ ಮೇಲೆ ಚಿಕ್ಕ ಚಿಕ್ಕ ಪ್ರಸಾರ ಪೆಟ್ಟಿಗೆಗಳನ್ನು ಕೂಡಿಸಿ, ದೊಡ್ಡ ಕೋಣೆಯನ್ನು ಹಲವು ಸಣ್ಣ ಕೋಣೆಗಳಾಗಿ ಒಡೆಯುತ್ತಾರೆ. ಕೆಲವು ದಿನಗಳ ಸಂದಣಿಗಾದರೆ ವಾಹನದ ಮೇಲೆ ಗೋಪುರವನ್ನು ಹೊತ್ತು ತರುವ ಪದ್ಧತಿಯೂ ಇದೆ. 2025ರ ಪ್ರಯಾಗರಾಜದ ಮಹಾಕುಂಭದಲ್ಲಿ ಇಂಥ ಏರ್ಪಾಟುಗಳನ್ನು ಮಾಡಲಾಗಿತ್ತು. 2022ರ ಅಕ್ಟೋಬರ್ 1ರಂದು ನಮ್ಮ ದೇಶದಲ್ಲಿ ಆರಂಭವಾದ 5ಜಿ ಸೇವೆಗೆ ಅಗಲವಾದ ಅಲೆಗಳ ಪಾಲು ದೊರೆತಿರುವುದರಿಂದ ಇಕ್ಕಟ್ಟು ಎಷ್ಟೋ ಸಡಿಲವಾಗಿದೆ. ಆದರೂ ವರ್ಷದ ಹತ್ತಾರು ದಿನ ಮಾತ್ರ ತುಂಬಿ ತುಳುಕುವ ಸ್ಥಳಕ್ಕೆ ಆ ಹತ್ತಾರು ದಿನಗಳ ಅಳತೆಯಲ್ಲಿಯೇ ವ್ಯವಸ್ಥೆ ಮಾಡುವುದು ಅಪರೂಪ. ಆದುದರಿಂದ ಗೃಹಸ್ಥರಾದ ನಾವು ನಮ್ಮ ಎಚ್ಚರದಲ್ಲಿರುವುದು ಒಳ್ಳೆಯದು.

ಬಿಡದಿಗೆ ಹೋದ ದಿನ ನಾವು ಮಾಡಿದ್ದು ಇಷ್ಟೆ. ಪ್ರವೇಶದ್ವಾರ ದಾಟಿದೊಡನೆ ಎಲ್ಲರನ್ನೂ ನಿಲ್ಲಿಸಿ, ಎಲ್ಲಿಂದ ನೋಡಿದರೂ ಕಾಣುವ ದೈತ್ಯ ತೊಟ್ಟಿಲಿನ ಕಟ್ಟಡವನ್ನು ತೋರಿಸಿ, ಮಧ್ಯಾಹ್ನ ಒಂದು ಗಂಟೆಗೂ ಸಂಜೆ ನಾಲ್ಕು ಗಂಟೆಗೂ ಅದರ ಬುಡದಲ್ಲಿ ಸೇರಬೇಕೆಂದು ನಿಶ್ಚಯಿಸಿದೆವು. ಯಾರಾದರೂ ತಪ್ಪಿಸಿಕೊಂಡರೆ ಹಿರಿಯರು ಇದ್ದಲ್ಲಿಯೇ ಇರಬೇಕು, ಹುಡುಕುವ ಕೆಲಸ ಕಿರಿಯರದು ಎಂದೂ ಮಾತಾಯಿತು. ಹಿರಿಯರ ಗುಳಿಗೆ, ನೀರು, ಸ್ವಲ್ಪ ತಿನಿಸು ಅವರವರ ಕೈಚೀಲದಲ್ಲಿಯೇ ಇದ್ದವು. ಪ್ರವೇಶ ಚೀಟಿಯನ್ನು ಮನೆಯಲ್ಲಿಯೇ ಕಾಗದದ ಮೇಲೆ ಅಚ್ಚು ಮಾಡಿಸಿಕೊಂಡಿದ್ದೆವು. ಜಾಲ ನಿಧಾನವಾದರೆ ಮೊಬೈಲಿನ ಮೂಲಕ ಹಣ ಪಾವತಿಯೂ ನಿಲ್ಲುವುದರಿಂದ ನೋಟುಗಳನ್ನೂ ಇಟ್ಟುಕೊಂಡಿದ್ದೆವು.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಹಿಂದೆ ಮನೆಮಂದಿಗೆಲ್ಲ ಹತ್ತಾರು ದೂರವಾಣಿ ಸಂಖ್ಯೆಗಳು ಬಾಯಿಪಾಠವಾಗಿರುತ್ತಿದ್ದವು. ಈಗಿನ ಮಕ್ಕಳಿಗೆ ತಾಯಿಯ ಸಂಖ್ಯೆಯೂ ಬಾರದು. ಅದು ಯಂತ್ರದ ನೆನಪಿನಲ್ಲಿದೆ. ನೀರಿನ ಆಟಕ್ಕೆ ಇಳಿದ ಮಗುವಿನ ಬಳಿ ಯಂತ್ರವೂ ಇಲ್ಲ, ಚೀಟಿಯೂ ಉಳಿಯದು. ಆದುದರಿಂದ ತಂದೆತಾಯಿಯರಲ್ಲಿ ಒಬ್ಬರ ಸಂಖ್ಯೆಯನ್ನಾದರೂ ಮಗ್ಗಿ ಕಲಿಸಿದಂತೆ ಕಲಿಸಿರಬೇಕು. ದಾರಿ ತಪ್ಪಿದರೆ ಸಮವಸ್ತ್ರದಲ್ಲಿರುವ ಸಿಬ್ಬಂದಿಯ ಬಳಿಗೆ ಹೋಗಬೇಕೆಂದು ಮೊದಲೇ ತೋರಿಸಿ ಹೇಳಿರಬೇಕು.

ಮೊಬೈಲನ್ನು ಬಳಸಲೇಬೇಕಾದಾಗ, ಕರೆ ಹೋಗದಿದ್ದರೆ ಚುಟುಕು ಸಂದೇಶ ಕಳುಹಿಸುವುದು ಮೇಲು. ಅದಕ್ಕೆ ಬೇಕಾದ ಜಾಗ ಅತ್ಯಲ್ಪ, ಮೇಲಾಗಿ ದಾರಿ ಬಿಡುವಾಗುವ ತನಕ ಅದು ಕಾಯಬಲ್ಲದು. ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70 ಸಂಕೇತಗಳು ಮಾತ್ರ. ಗುಣಿತ, ಒತ್ತಕ್ಷರಗಳ ಲೆಕ್ಕವೂ ಅದರಲ್ಲಿಯೇ. ‘ತೊಟ್ಟಿಲ ಬಳಿ ಇದ್ದೇವೆ, ಬಾ’ ಎನ್ನಲು ಅಷ್ಟು ಧಾರಾಳವಾಗಿ ಸಾಕು. ಜೀವಕ್ಕೆ ಅಪಾಯವೆನಿಸಿದಾಗ 112ಕ್ಕೆ ಕರೆ ಮಾಡಬೇಕು. ಜೊತೆಗೆ ಸಮೀಪದ ಸಿಬ್ಬಂದಿಗೆ ಬಾಯಿಂದಲೇ ತಿಳಿಸಬೇಕು.

ಕೊನೆಯದಾಗಿ, ಗಾಳಿಯಲ್ಲಿ ಹರಿಯುವ ಅಲೆಗಳು ಕೆರೆಯ ನೀರಿನಂತೆ ಎಲ್ಲರಿಗೂ ಸೇರಿದವು. ಬಂಡಿಯೇರಿ ಕಿರುಚಿದ ಹತ್ತು ನಿಮಿಷದ ಚಲನಚಿತ್ರವನ್ನು ಅಲ್ಲಿಂದಲೇ ಹತ್ತಾರು ಮಂದಿಗೆ ಕಳುಹಿಸಬೇಕೆಂಬ ಆತುರ ಇಂದು ಎಲ್ಲರಲ್ಲಿಯೂ ಕಾಣುತ್ತದೆ. ಆ ಹೊತ್ತಿನಲ್ಲಿ ಎಲ್ಲೋ ಒಂದು ಕಲ್ಲುಬೆಂಚಿನ ಮೇಲೆ ಗುಳಿಗೆಗಾಗಿ ಕಾದು ಕುಳಿತ ತಾಯಿಯೊಬ್ಬಳು ಅದೇ ಅಲೆಗಳಲ್ಲಿ ಮಗನ ದನಿಗಾಗಿ ಕಿವಿಗೊಟ್ಟಿರಬಹುದು. ಚಿತ್ರಗಳನ್ನು ತೆಗೆಯಬಾರದೆಂದು ನಾವು ಹೇಳುತ್ತಿಲ್ಲ; ರಜೆಯ ಸಂತೋಷವನ್ನು ನೆಂಟರಿಷ್ಟರೊಡನೆ ಹಂಚಿಕೊಳ್ಳುವುದು ಸಹಜವೇ. ಅದನ್ನು ರಾತ್ರಿ ಮನೆ ಸೇರಿ, ಊಟ ಮುಗಿಸಿ ಕಳುಹಿಸಿದರೂ ನೋಡುವವರ ಸಂತೋಷವೇನೂ ಕಡಮೆಯಾಗದು.