ಹಿಟ್ಟಿನ ಕೋಳಿ ಮತ್ತು ಪರದೆಯ ಕೋವಿ

ಮಂಡ್ಯ, ಮದ್ದೂರು, ಮಳವಳ್ಳಿಗಳ ಪದವಿ ವಿದ್ಯಾರ್ಥಿಗಳ ಮಾತಿನಲ್ಲಿ ಕೆಲವು ವರ್ಷಗಳಿಂದ ಎಸ್‌ಎಲ್‌ಆರ್ ಎಂಬ ಹೆಸರು ಬಳಕೆಯಲ್ಲಿದೆ. ಅದು ಮೊಬೈಲ್ ಆಟವೊಂದರ ರೈಫಲ್ಲಿನ ಹೆಸರು. ಪಬ್‌ಜಿ ಎಂದು ಪ್ರಸಿದ್ಧವಾಗಿದ್ದ ಆ ಆಟದ ಮೊಬೈಲ್ ರೂಪವನ್ನು ಭಾರತ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೊಸ ಹೆಸರಿನಲ್ಲಿ ಮರಳಿತು. ನೂರು ಮಂದಿ ಒಂದು ದ್ವೀಪದಲ್ಲಿ ಇಳಿಯುತ್ತಾರೆ. ಕೊನೆಗೆ ಉಳಿದವನೋ ಉಳಿದ ತಂಡವೋ ಗೆಲ್ಲುತ್ತದೆ. ಮಳವಳ್ಳಿಯಿಂದ ಮಂಡ್ಯಕ್ಕೆ ಬರುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತ ಹುಡುಗರು, "ಮರದ್ ಹಿಂದೆ ಅವ್ನೆ ಕಣ್ಲಾ, ಹೊಡಿ" ಎಂದು ಕೂಗುವಾಗ, ಆ ಮರದ ಹಿಂದಿರುವವನು ಯಾವ ಊರಿನವನೆಂಬುದು ಅವರಿಗೆ ತಿಳಿದಿರುವುದಿಲ್ಲ.

ಎಸ್‌ಎಲ್‌ಆರ್ ಕಲ್ಪಿತ ಆಯುಧವಲ್ಲ. ಬೆಲ್ಜಿಯಂ ಮೂಲದ ವಿನ್ಯಾಸವನ್ನು ಆಧರಿಸಿ, ಪಶ್ಚಿಮ ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದ 7.62 ಮಿಲಿಮೀಟರಿನ ಈ ರೈಫಲ್ ದಶಕಗಳ ಕಾಲ ಭಾರತೀಯ ಸೈನಿಕರ ಹೆಗಲ ಮೇಲಿತ್ತು. ಸೈನ್ಯಕ್ಕೆ ಇನ್ಸಾಸ್ ಬಂದ ಬಳಿಕವೂ ಪೊಲೀಸ್ ದಳಗಳಲ್ಲಿ ಉಳಿಯಿತು. ಇದರ ವೈಶಿಷ್ಟ್ಯ ಹೆಸರಿನಲ್ಲಿಯೇ ಇದೆ. ಗುಂಡು ಹಾರಿದೊಡನೆ ಅದರ ಅನಿಲದ ಒತ್ತಡವೇ ಮುಂದಿನ ಗುಂಡನ್ನು ತುಂಬುತ್ತದೆ. ಹಾರಿಸಲು ಮಾತ್ರ ಪ್ರತಿಬಾರಿಯೂ ಟ್ರಿಗರ್ ಎಳೆಯಬೇಕು. ಒಂದು ಎಳೆತಕ್ಕೆ ಒಂದೇ ಗುಂಡು. ಆಟದಲ್ಲಿ ಇದು ಡಿಎಂಆರ್ ಎಂಬ ಗುರಿಕಾರರ ರೈಫಲ್ಲುಗಳ ವರ್ಗಕ್ಕೆ ಸೇರುತ್ತದೆ. ಸ್ಕೋಪ್ ಜೋಡಿಸಿ, ಉಸಿರು ಬಿಗಿಹಿಡಿದು, ದೂರದ ಆಕೃತಿಯನ್ನು ಹತ್ತಿರಕ್ಕೆಳೆದು ಹೊಡೆಯುವವರ ಆಯ್ಕೆ ಇದು.

ಕೊಲ್ಲುವವನಿಗೂ ಸಾಯುವವನಿಗೂ ನಡುವಿನ ಈ ದೂರ ವಿಚಾರಯೋಗ್ಯವಾದದ್ದು. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತ. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ನಡುಭಾಗದ ಈ ಶಾಸನದ ಪ್ರಕಾರ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಕಾದಿದ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದನು. ಶಾಸನ ಬಳಸುವ ಕ್ರಿಯಾಪದ ಇರಿತದ್ದು, ಎಂದರೆ ತೋಳಳತೆಯದ್ದು. ಬೂತುಗ ಮೋಸದಿಂದ ಇರಿದನೆಂದು ಫ್ಲೀಟ್ ಮೊದಲು ಅರ್ಥೈಸಿದ್ದು, ಆ ಓದು ಅನಂತರ ತಿದ್ದುಪಡಿಗೊಂಡಿತು. ಆದರೆ ಚೋಳರ ಲೈಡನ್ ತಾಮ್ರಪಟಗಳು ಅದೇ ಸಾವನ್ನು ಬೇರೆಯಾಗಿ ಹೇಳುತ್ತವೆ: ಆನೆಯ ಮೇಲಿದ್ದ ರಾಜಾದಿತ್ಯ ಕೃಷ್ಣನ ಹರಿತವಾದ ಬಾಣಗಳಿಂದ ಬಿದ್ದನು. ಗೆದ್ದವರ ನೆನಪಿನಲ್ಲಿ ಹತ್ತಿರದ ಇರಿತ, ಸೋತವರ ನೆನಪಿನಲ್ಲಿ ದೂರದ ಬಾಣ. ಸಮೀಪದ ಕೊಲೆಗೆ ಪರಾಕ್ರಮದ ಹೆಸರು ಸಲ್ಲುತ್ತಿದ್ದ ಕಾಲದಲ್ಲಿ ಈ ಭೇದ ಸಣ್ಣದಲ್ಲ.

ಎಂಟೂವರೆ ಶತಮಾನಗಳ ಬಳಿಕ, 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯವೂ ಜನರಲ್ ಹ್ಯಾರಿಸನ ಸೈನ್ಯವೂ ಎದುರಾದವು. ಅಂದಿನ ಕೋವಿಗಳ ಗುರಿ ನೂರು ಗಜ ದಾಟಿದರೆ ನಂಬುವಂತಿರಲಿಲ್ಲ. ಆದುದರಿಂದ ಸಾಲುಗಟ್ಟಿ ನಿಂತ ಸೈನಿಕರು ಬಹುಮಟ್ಟಿಗೆ ಎದುರಾಳಿಯನ್ನು ಕಣ್ಣಾರೆ ಕಂಡೇ ಗುಂಡು ಹಾರಿಸಬೇಕಾಗಿತ್ತು. ಆತಕೂರಿನ ತೋಳಳತೆ ಮಳವಳ್ಳಿಯಲ್ಲಿ ನೂರು ಗಜವಾಯಿತು. ಸ್ಕೋಪಿನ ರೈಫಲ್ ಅದನ್ನು ನೂರಾರು ಮೀಟರಿಗೆ ಒಯ್ದಿತು. ಪರದೆಯ ಮೇಲಾದರೋ ದೂರಕ್ಕೆ ಅಳತೆಯೇ ಇಲ್ಲ. ಅಲ್ಲಿ ಒಬ್ಬನು ಬಿದ್ದಾಗ ಯಾರು, ಯಾರನ್ನು, ಯಾವ ಆಯುಧದಿಂದ ಹೊಡೆದರೆಂಬ ಒಂದು ಸಾಲು ಮೂಡುತ್ತದೆ. ಒಂದು ರೀತಿಯಲ್ಲಿ ಅದೂ ವೀರಗಲ್ಲಿನ ಒಕ್ಕಣೆಯೇ. ಆದರೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಆತಕೂರಿನಲ್ಲಿ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿ ದತ್ತಿಯಾಯಿತು. ಪರದೆಯ ಸಾಲು ಕೆಲವು ಕ್ಷಣಗಳಲ್ಲಿ ಅಳಿಯುತ್ತದೆ.

ಈ ಹುಡುಗರ ಬಗ್ಗೆ ಹಿರಿಯರ ಮಾತು ಎರಡೇ ಬಗೆ. "ಬರೀ ಆಟ, ಬಿಡಿ" ಎಂಬುದು ಒಂದು. "ಕೊಲೆ ಕಲಿಯುತ್ತಿದ್ದಾರೆ" ಎಂಬುದು ಇನ್ನೊಂದು. ಎರಡಕ್ಕೂ ಮೀರಿದ ವಿಚಾರ ಕನ್ನಡದ ಪಠ್ಯದಲ್ಲಿಯೇ ಇದೆ. ಜನ್ನನ ಯಶೋಧರ ಚರಿತೆಯಲ್ಲಿ ಜೀವವನ್ನು ಬಲಿಕೊಡಲು ಒಪ್ಪದ ಅರಸ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕೋಳಿ ಕೂಗುತ್ತದೆ. ತಾಯಿಮಕ್ಕಳು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಈ ಪಾಠ ನಡೆಯುವಾಗ ತರಗತಿಯಿಂದ ಏಳುವ ಸಹಜ ಪ್ರಶ್ನೆ: "ಕೋಳಿ ಹಿಟ್ಟಿಂದಲ್ವಾ ಸಾ, ಪಾಪ ಎಲ್ಲಿಂದ ಬಂತು?" ಬಸ್ಸಿನಲ್ಲಿ "ಬರೀ ಆಟ" ಎನ್ನುವ ವಾದವೂ ಇದೇ. ಗಮನಿಸಬೇಕಾದ ಸಂಗತಿಯೆಂದರೆ, ಇದೇ ಕಥೆಯನ್ನು ಸೋಮದೇವಸೂರಿ ಸಂಸ್ಕೃತದ ಯಶಸ್ತಿಲಕದಲ್ಲಿ ಹೇಳಿದ್ದು 959ರಲ್ಲಿ, ತಕ್ಕೋಲದ ಅದೇ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ. ನಿಜವಾದ ರಕ್ತದ ಕಲ್ಲು ನಿಂತು ಒಂದು ದಶಕವಾಗುವಷ್ಟರಲ್ಲಿ ಅದೇ ಸಾಮ್ರಾಜ್ಯದಲ್ಲಿ ಹಿಟ್ಟಿನ ರಕ್ತದ ವಿಚಾರಣೆ ನಡೆಯಿತು.

ಹಾಗೆಂದು ಆಟವಾಡುವ ಹುಡುಗನನ್ನು ಯಶೋಧರನ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಯಶೋಧರ ಕಡಿದದ್ದು ಬಲಿಯ ಫಲವನ್ನು ಬಯಸಿ. ವಸ್ತು ಹಿಟ್ಟಾದರೂ ಸಂಕಲ್ಪ ಕೊಲೆಯದಾಗಿತ್ತು. ಆಟದಲ್ಲಿ ಇಬ್ಬರೂ ಒಪ್ಪಿ ಇಳಿದವರು. ಬಿದ್ದವನು ಮರುಗಳಿಗೆಯಲ್ಲಿ ಇನ್ನೊಂದು ಪಂದ್ಯಕ್ಕೆ ಸಿದ್ಧ. ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣದಲ್ಲಿ ಪ್ರಾಣಹರಣಕ್ಕೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಕಾರಣವಾಗಿ ಸೇರಿಸುತ್ತದೆ. ಆ ದೃಷ್ಟಿಯಿಂದ ಕೇಳಬೇಕಾದದ್ದು ಕೋವಿ ನಿಜವೋ ಸುಳ್ಳೋ ಎಂದಲ್ಲ, ಹೊಡೆಯುವವನ ಒಳಗೆ ಎಚ್ಚರ ಉಳಿದಿದೆಯೇ ಎಂದು. ಮಳೆಗರೆದಂತೆ ಗುಂಡು ಸುರಿಸುವ ಆಯುಧಕ್ಕೆ ಒಂದೇ ನಿರ್ಧಾರ ಸಾಕು. ಎಸ್‌ಎಲ್‌ಆರ್ ಪ್ರತಿ ಗುಂಡಿಗೂ ಒಂದೊಂದು ನಿರ್ಧಾರವನ್ನು ಕೇಳುತ್ತದೆ. ಅಷ್ಟು ಗಮನವಿರುವ ಹುಡುಗನೊಡನೆ ಸಂಕಲ್ಪದ ಬಗ್ಗೆ ಮಾತನಾಡುವುದು ಕಷ್ಟವಲ್ಲ.

ಆ ಮಾತು ನಡೆಯಬೇಕಾದ ಕಾರಣವೂ ಇದೆ. ಈ ಊರುಗಳ ತರುಣರಲ್ಲಿ ಕೆಲವರು ಪದವಿ ಮುಗಿಸಿ ಪೊಲೀಸ್ ಇಲಾಖೆಗೋ ಸೈನ್ಯಕ್ಕೋ ಸೇರುತ್ತಾರೆ. ನಾಲ್ಕು ಕಿಲೋಗೂ ಹೆಚ್ಚು ತೂಕದ ನಿಜವಾದ ರೈಫಲ್ ಅವರ ಕೈಗೆ ಬರುತ್ತದೆ. ಅದರ ಒದೆತ ಭುಜಕ್ಕೆ ತಾಗುತ್ತದೆ. ಟ್ರಿಗರ್ ಎಳೆಯಬೇಕೇ ಬೇಡವೇ ಎಂಬುದನ್ನು ಒಂದು ದಿನ ಅವರೇ ತೀರ್ಮಾನಿಸಬೇಕಾಗಬಹುದು. ಅಲ್ಲಿ ಬಿದ್ದವನು ಮತ್ತೆ ಏಳುವುದಿಲ್ಲ. ಜನ್ನನ ಪಾಠದಲ್ಲಿ ಏಳುವ ಹಿಟ್ಟಿನ ಕೋಳಿಯ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿ, ಫೋನು ಒಳಗಿಡಿ ಎಂದು ಗದರಿ ಮುಂದಿನ ಪದ್ಯಕ್ಕೆ ಹೋದರೆ, ಆ ತೀರ್ಮಾನಕ್ಕೆ ಬೇಕಾದ ಸಿದ್ಧತೆಯ ಒಂದು ಗಂಟೆ ವ್ಯರ್ಥವಾದಂತೆ.